ಮೂವರಲ್ಲಿ ಮೂರನೆಯವಳು

ಸಿನಿಮಾ ನಟಿ ಲವೀನಿಯಾ ಥಾರ್ನ್ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದರಲ್ಲಿ ಅರ್ಧ ಸುಳ್ಳು. ಆ ಸುಳ್ಳಿನಲ್ಲಿ ಅರ್ಧ ನಾನೇ ಹೇಳಿದ್ದು. ಹತ್ತೊಂಬತ್ತು ವರ್ಷ ಅವಳ ಬೆನ್ನಿನ ಗುಂಡಿ ಹಾಕಿದವಳು ನಾನು, ಮ್ಯಾಡ್ಜ್ ಪೆಟಿಫರ್, ಹ್ಯಾಲ್‌ಫರ್ಡ್ ಸ್ಟುಡಿಯೋದ ಉಡುಪಿನ ವಿಭಾಗದವಳು. ವರದಿಗಾರರು ಬಾಗಿಲಿಗೆ ಬಂದರೆ ಪಾಠ ಒಪ್ಪಿಸಿಬಿಡುತ್ತಿದ್ದೆ. "ಅಮ್ಮಾವ್ರು ಕರ್ನಲ್ ಸಾಹೇಬ್ರ ಮಗಳು ಕಣ್ರೀ. ಪಾಪ, ಅಪ್ಪ ಅಮ್ಮ ಇಬ್ರೂ ಹಡಗಲ್ಲಿ ಜ್ವರ ಬಂದು ತೀರ್ಕೊಂಡ್ರು. ಆ ಮಾತೆತ್ತಿದ್ರೆ ಅಳ್ತಾರೆ, ಕೇಳ್ಬೇಡಿ." ಹಾಗಂದು ನಾನೇ ಕಣ್ಣೊರೆಸಿಕೊಳ್ಳುತ್ತಿದ್ದೆ. ನಾಚಿಕೆಗೆಟ್ಟವಳು! ಈಗ ನನಗೆ ಎಪ್ಪತ್ತೊಂದು, ಇನ್ಯಾರ ಹೆದರಿಕೆ? ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಅವಳ ನಿಜವಾದ ಹೆಸರು ಬೆಲ್ಲಾ ಫಾಕಸ್. ಹುಟ್ಟಿದ್ದು ೧೯೧೧ರಲ್ಲಿ, ಉತ್ತರದ ಕಡಲತೀರದ ಸೀಹೌಸಸ್‌ನಲ್ಲಿ. ಅಪ್ಪ ದೋಣಿಯವನು, ಸಮುದ್ರವೇ ಅವನನ್ನು ತೆಗೆದುಕೊಂಡಿತು. ಅವ್ವ ಹ್ಯಾನಾ ಮೀನು ಕೊಯ್ಯುವ ಹೆಂಗಸು. ಹೆರಿಂಗ್ ಮೀನಿನ ಹಿಂಡು ಬೇಸಿಗೆಯಲ್ಲಿ ಉತ್ತರದಿಂದ ಹೊರಟು ಚಳಿಗಾಲದ ಹೊತ್ತಿಗೆ ಯಾರ್ಮತ್ ಬಂದರಿನವರೆಗೆ ಇಳಿಯುತ್ತದಲ್ಲ, ಅದರ ಬೆನ್ನಿಗೇ ಈ ಹೆಂಗಸರೂ ಊರಿಂದೂರಿಗೆ ರೈಲು ಹತ್ತುತ್ತಿದ್ದರು. ಕೆಲಸ ಮೂರು ಮೂರು ಜನರ ಗುಂಪಿಗೆ. ಇಬ್ಬರು ಕೊಯ್ಯಬೇಕು, ಒಬ್ಬಳು ಪೀಪಾಯಿಗೆ ಉಪ್ಪು ಹಾಕಿ ಒತ್ತೊತ್ತಾಗಿ ತುಂಬಬೇಕು. ಸೀಸನ್ನಿನ ಮೊದಲು ಮೂವರೂ ಒಟ್ಟಿಗೆ ಮಾತು ಕೊಟ್ಟರೆ ಮುಗಿಯಿತು, ಗಂಡನನ್ನಾದರೂ ಬಿಟ್ಟಾರು, ಗುಂಪು ಬಿಡರು. ಹ್ಯಾನಾ, ಅವಳ ತಂಗಿ ಟೇಮರ್, ಬೆಲ್ಲಾ, ಇವರು ಮೂವರದು ಒಂದು ಗುಂಪು. ಬೆಲ್ಲಾ ಕೊಯ್ಯುವುದನ್ನೂ ಬಲ್ಲಳು, ತುಂಬುವುದನ್ನೂ ಬಲ್ಲಳು.

ಹತ್ತೊಂಬತ್ತನೆಯ ವಯಸ್ಸಿಗೆ ಬೆಲ್ಲಾ ಆ ಗುಂಪನ್ನು ಮುರಿದಳು. ಯಾರ್ಮತ್‌ನಲ್ಲಿ ಒಂದು ದಿನ ಮೀನು ಹರಾಜಿನವರನ್ನು ಅಣಕಿಸಿ ಹೆಂಗಸರನ್ನೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದಳಂತೆ. ಕಡಲ ಕಟ್ಟೆಯ ಮೇಲೆ ನಾಟಕ ಆಡುವ ಕಂಪನಿಯ ಯಜಮಾನ ಅಲ್ಲೇ ನಿಂತು ನೋಡಿದ. ಸೋಮವಾರ ಬಾ ಎಂದ. ಸೀಸನ್ ನಟ್ಟನಡುವೆ! ತಾನು ಮಲಗುತ್ತಿದ್ದ ದಿಂಬಿನ ಮೇಲೆ ಚೀಟಿ ಇಟ್ಟು ಹೋದಳು, ಎದುರು ನಿಂತು ಹೇಳುವ ಧೈರ್ಯ ಸಾಲಲಿಲ್ಲ. ಮೂರನೆಯವಳಿಲ್ಲದ ಗುಂಪಿಗೆ ಮೀನು ಸುರಿದು ಕೊಯ್ಯುವ ತೊಟ್ಟಿಯ ಬಳಿ ಜಾಗವಿಲ್ಲ. ಹ್ಯಾನಾ, ಟೇಮರ್ ಇಬ್ಬರೂ ಊರೆಲ್ಲ ನೋಡುವಂತೆ ಬರಿಗೈಯಲ್ಲಿ ಹಿಂತಿರುಗಿದರು. ಬೆಲ್ಲಾ ಬರೆದ ಕಾಗದಗಳಿಗೆ ಚಿಕ್ಕಮ್ಮನಿಂದ ಒಂದೇ ಸಾಲಿನ ಉತ್ತರ ಬಂತು. ಅದನ್ನು ನಾನೇ ಓದಿದ್ದೇನೆ. "ನಿಮ್ಮವ್ವ ನಿನ್ನ ಹೆಸರು ಎತ್ತಬ್ಯಾಡ ಅಂದಾಳ."

ಎರಡು ವರ್ಷ ಕಳೆದು ಅವಳು ನಮ್ಮ ಸ್ಟುಡಿಯೋಗೆ ಬಂದಳು. ಪ್ರಚಾರದ ಮುಖ್ಯಸ್ಥ ಆಸ್ಕ್ವಿತ್ ಅವಳನ್ನು ಮೇಲಿಂದ ಕೆಳಗೆ ನೋಡಿ, "ಮುಖ ಇದೆ, ಎತ್ತರ ಇದೆ. ಬಾಯಿ ಮಾತ್ರ ಮೀನು ಮಾರ್ಕೆಟ್ಟು" ಅಂದ. ಆ ಬಾಯಿಗೆ ಬಾಟಲಿ ಬಿರಡೆ ಕಚ್ಚಿಸಿ ಓದಿಸಿ ಆರು ತಿಂಗಳು ಮಾತು ತಿದ್ದಿದರು. ಹೆಸರು ಹೋಯಿತು, ಊರು ಹೋಯಿತು, ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಹಡಗಿನಲ್ಲಿ ಸತ್ತಿದ್ದರು. ಅದನ್ನು ಓದಿ ಅವಳು ಬಿಳಿಚಿಕೊಂಡಳು. "ಮ್ಯಾಡ್ಜ್, ನಮ್ಮೂರಲ್ಲೂ ಈ ಪೇಪರ್ ಬರುತ್ತೆ ಕಣೇ," ಅಂದಳು. ಅಂದಿನಿಂದ ಊರಿಗೆ ಕಾಗದ ಬರೆಯುವುದನ್ನೂ ನಿಲ್ಲಿಸಿದಳು.

ಉಳಿದದ್ದು ಕೈಗಳು. ಚಾಕು ತಾಗಿ, ಗಾಯಕ್ಕೆ ಉಪ್ಪು ಇಳಿದು, ಬೆರಳುಗಳ ತುಂಬ ಕುಳಿ. ಅದಕ್ಕೆ ಯಾವ ಬಿರಡೆಯೂ ಇರಲಿಲ್ಲ. ಹಾಗಾಗಿ ಪ್ರತಿ ಚಿತ್ರದಲ್ಲೂ ಕೈಗವಸು. ಊಟಕ್ಕೆ, ಕುದುರೆ ಸವಾರಿಗೆ, ಪ್ರಿಯಕರನ ಹೆಣದ ಮುಂದೆ ಅಳುವುದಕ್ಕೆ, ಎಲ್ಲಕ್ಕೂ ಕೈಗವಸು. ದೇಶದ ಹುಡುಗಿಯರೆಲ್ಲ ಅದನ್ನೇ ಹೊಸ ಚೆಲುವು ಅಂದುಕೊಂಡು ಕೈಗವಸಿಗೆ ಮುಗಿಬಿದ್ದರು. ಜನ ಮರುಳೋ ಜಾತ್ರೆ ಮರುಳೋ!

ಹಾಗಂತ ಅವಳೇನು ಮೆತ್ತಗಿನ ಹೆಂಗಸಲ್ಲ. ನಿರ್ಮಾಪಕನೊಬ್ಬ ಮೂಗು ಸ್ವಲ್ಪ ದಪ್ಪ, ಡಾಕ್ಟರ ಹತ್ತಿರ ತಿದ್ದಿಸಿಕೊಳ್ಳಿ ಅಂದಾಗ, "ಮೂಗು ನಮ್ಮಪ್ಪಂದು. ಅದಕ್ಕೆ ಕೈ ಹಾಕಿದ್ರೆ ನಿಮ್ಮ ಕೈ ನಿಮಗಿರಲ್ಲ," ಅಂದಿದ್ದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಿತ್ತು ಅವಳಿಗೂ ಸ್ಟುಡಿಯೋಗೂ. ಇಪ್ಪತ್ತಾರು ಚಿತ್ರ ಮಾಡಿದಳು. ರಾಣಿಯಾದಳು, ಜಮೀನ್ದಾರನ ಹೆಂಡತಿಯಾದಳು, ಗೂಢಚಾರಿಣಿಯಾದಳು. ಆದರೆ ಅವ್ವನ ಮಾತು ಬಂದರೆ ಮಾತ್ರ ಬಾಯಿಗೆ ಬೀಗ. ನಾನೂ ಕೆದಕುತ್ತಿರಲಿಲ್ಲ. ನನ್ನ ಅನ್ನವೂ ಆ ಸುಳ್ಳಿನ ತಟ್ಟೆಯಲ್ಲೇ ಇತ್ತಲ್ಲ.

೧೯೫೧ರಲ್ಲಿ ಅವಳಿಗೆ ನಲವತ್ತಾಯಿತು. ಸಿನಿಮಾದಲ್ಲಿ ನಲವತ್ತು ಅಂದರೆ ಹೆಂಗಸಿಗೆ ತಿಥಿ ಊಟ. ಏಳು ವರ್ಷದ ಹೊಸ ಕರಾರಿಗೆ ಶುಕ್ರವಾರ ಸಹಿ ಆಗಬೇಕಿತ್ತು. ಅದೇ ವಾರ ಮೀನುಗಾರರ ಊರಿನ ಕಥೆಯೊಂದರ ಚಿತ್ರೀಕರಣ ನಡೆದಿತ್ತು, ಅವಳಿಗೆ ಮೀನುಗಾರನ ವಿಧವೆಯ ಪಾತ್ರ. ನಿರ್ದೇಶಕ ಹೊಸಬ, ಎಲ್ಲ ನಿಜವಾಗಿರಬೇಕು ಅನ್ನುವ ಹುಚ್ಚಿನವ. ಮಂಜುಗಡ್ಡೆಯಲ್ಲಿಟ್ಟ ನಿಜವಾದ ಹೆರಿಂಗ್ ತರಿಸಿದ, ಉತ್ತರದಿಂದ ಮೀನು ಕೊಯ್ಯುವ ನಿಜವಾದ ಹದಿನೇಳು ಹೆಂಗಸರನ್ನೂ ಕರೆಸಿದ. ಹದಿನೇಳು ಯಾಕೆಂದರೆ ಐದು ಪೂರ್ತಿ ಗುಂಪು, ಇನ್ನೊಂದರಲ್ಲಿ ಮಾತ್ರ ಇಬ್ಬರೇ. ಆ ಖಾಲಿ ಜಾಗದಲ್ಲಿ ಲವೀನಿಯಾಳನ್ನು ನಿಲ್ಲಿಸುವುದು ಅವನ ಲೆಕ್ಕ.

ಗುರುವಾರ ಬೆಳಿಗ್ಗೆ ನಾನು ಅವಳ ಕೂದಲಿಗೆ ಪಿನ್ನು ಸಿಕ್ಕಿಸುತ್ತಿದ್ದೆ. ಆಸ್ಕ್ವಿತ್ ಹೆಸರುಗಳ ಪಟ್ಟಿ ಹಿಡಿದು ಒಳಗೆ ಬಂದ.

"ಫಾಕಸ್, ಹ್ಯಾನಾ. ಲವೀನಿಯಾ, ಈ ಹೆಸರು ನಿಮಗೆ ಗೊತ್ತಾ?"

ಅವಳು ಕನ್ನಡಿಯಲ್ಲೇ ಅವನನ್ನು ನೋಡಿದಳು. "ಗೊತ್ತು. ನಮ್ಮಮ್ಮ."

"ಇಬ್ಬರೇ ಇರೋ ಗುಂಪು ಅವರದ್ದೇ. ಎರಡು ಗಂಟೆಗೆ ವರದಿಗಾರರು ಬರ್ತಾರೆ, ಹನ್ನೆರಡು ಜನ. ಅಷ್ಟರಲ್ಲಿ ಆ ಹೆಂಗಸರನ್ನ ಬಸ್ಸು ಹತ್ತಿಸ್ತೀನಿ. ನೀವೇನೂ ಮಾಡ್ಬೇಕಿಲ್ಲ. ತಲೆನೋವು ಅಂತ ಇಲ್ಲೇ ಮಲಗಿರಿ, ಸಾಕು."

"ಮಲಗದೇ ಇದ್ರೆ?"

"ನಾಳೆ ಸಹಿ ಹಾಕೋ ಕಾಗದ ಇರಲ್ಲ. ನಲವತ್ತನೇ ವಯಸ್ಸಲ್ಲಿ ಬೇರೆ ಯಾವ ಸ್ಟುಡಿಯೋ ಬಾಗಿಲು ತೆಗೆಯುತ್ತೆ, ಯೋಚನೆ ಮಾಡಿ. ಸತ್ತೋಳನ್ನ ಬದುಕಿಸೋಕೆ ಹೋಗಿ ನೀವು ಸಾಯ್ಬೇಡಿ," ಅಂದು ಅವನು ಬಾಗಿಲು ಮೆಲ್ಲಗೆ ಮುಚ್ಚಿಕೊಂಡು ಹೋದ.

ಅವಳು ನನ್ನ ಕೈಯಿಂದ ಪಿನ್ನು ತೆಗೆದು ಮೇಜಿನ ಮೇಲಿಟ್ಟಳು. "ಮ್ಯಾಡ್ಜ್, ಹೋಗಿ ನೋಡ್ಕೊಂಡು ಬಾ. ಹೇಗಿದ್ದಾಳೆ ಅಂತ," ಅಂದಳು.

ಹೋದೆ. ನೆಪಕ್ಕೆ ಕೈಯಲ್ಲಿ ಬೆರಳು ಟೊಪ್ಪಿಗಳ ಡಬ್ಬಿ ಹಿಡಿದಿದ್ದೆ. ಕೊಯ್ಯುವವರು ಬೆರಳಿಗೆ ಬಟ್ಟೆ ಸುತ್ತುತ್ತಾರೆ ಅಂತ ಕೇಳಿ ನಾನೇ ಬಿಳಿ ಹತ್ತಿಯಲ್ಲಿ ಅಂದವಾಗಿ ನೂರು ಟೊಪ್ಪಿ ಹೊಲಿದಿದ್ದೆ. ತೊಟ್ಟಿಯ ಹತ್ತಿರ ಗಟ್ಟಿಮುಟ್ಟಾದ ಮುದುಕಿಯೊಬ್ಬಳು ನಿಂತಿದ್ದಳು, ಅದೇ ದಪ್ಪ ಮೂಗು. ಅವಳು ಒಂದು ಟೊಪ್ಪಿ ಎತ್ತಿ ತಂಗಿಗೆ ತೋರಿಸಿದಳು.

"ಟೇಮರ್, ನೋಡಿಲ್ಲೆ. ಗೊಂಬಿ ಟೊಪ್ಪಿಗಿ ಕಳಿಸ್ಯಾರ."

"ಅಯ್ಯ, ಲಗ್ನ ಮಾಡೂಣೇನ ಬೆರಳಿಗೆ?" ಅಂದಳು ಟೇಮರ್. ಹೆಂಗಸರೆಲ್ಲ ಗೊಳ್ಳೆಂದರು. "ಒಂದ ಮೀನಿಗೆ ಜಾರಿ ಬೀಳ್ತಾವ ಇವು. ಹರಕ ಅರಿವಿ ತಗೊಂಡ ಬಾ, ದಾರ ತಗೊಂಡ ಬಾ. ಎಡಗೈ ನಾವ ಕಟ್ಕೋತೀವಿ, ಬಲಗೈ ಗುಂಪಿನಾಕಿ ಕಟ್ತಾಳ. ಹಿಂಗ ಕಲಿಸ್ಯಾರ ನಮಗ."

"ಅಲ್ಲವಾ, ನೀ ಯಾರು?" ಎಂದು ಹ್ಯಾನಾ ನನ್ನನ್ನು ಕೇಳಿದಳು.

"ನಾನು... ಲವೀನಿಯಾ ಥಾರ್ನ್ ಅವರ ಉಡುಪಿನವಳು."

"ಹೌದಾ? ಆಕಿ ಅಪ್ಪ ಅವ್ವ ಹಡಗಿನ್ಯಾಗ ಸತ್ತಾರಂತ ಪೇಪರ್‌ನ್ಯಾಗ ಓದಿದ್ದೆ. ಭಾಳ ಚಲೋ ಮಂದಿ ಇದ್ರಂತಲ್ಲ. ನಾ ಮರುಗಿದೆ ಅಂತ ಹೇಳು."

ನನಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಆ ಸುದ್ದಿ ಹೇಳುತ್ತ ಕಣ್ಣೊರೆಸಿಕೊಂಡವಳು ನಾನಲ್ಲವೇ! ಅಷ್ಟರಲ್ಲಿ ಆಸ್ಕ್ವಿತ್ ಬಂದು, ಇವತ್ತು ನಿಮ್ಮ ಕೆಲಸ ಇಲ್ಲ, ಬಸ್ಸು ಸಿದ್ಧವಾಗಿದೆ, ಹತ್ತಿ ಅಂದ. ಹ್ಯಾನಾ ಚಾಕು ಒರೆಸುತ್ತಲೇ ಉತ್ತರ ಕೊಟ್ಟಳು.

"ಕೆಲಸಕ್ಕಂತ ಕರಸೀರಿ. ಮೀನು ಬಂದಾವ, ಉಪ್ಪು ಬಂದೈತಿ. ಪೀಪಾಯಿ ತುಂಬೂತನಕ ನಾವು ಹೋಗೂ ಪೈಕಿ ಅಲ್ಲ. ಹೊತ್ತು ಹಾಕ್ತೀಯೇನು ನಮ್ಮನ್ನ? ಹೊರು ನೋಡೂಣ."

ಹದಿನೇಳು ಜನರನ್ನೂ, ಹದಿನೇಳು ಚಾಕುಗಳನ್ನೂ ನೋಡಿ ಆಸ್ಕ್ವಿತ್ ಹಿಂದೆ ಸರಿದ. ಬಾಗಿಲಲ್ಲಿ ನನ್ನ ತೋಳು ಹಿಡಿದು, "ಅವಳನ್ನ ಕೋಣೆಯಿಂದ ಆಚೆ ಬಿಟ್ಯೋ, ನಿನ್ನದೂ ಮುಗೀತು ಮ್ಯಾಡ್ಜ್," ಅಂದ.

ನಾನು ಕೋಣೆಗೆ ಓಡಿ ಒಂದಕ್ಷರ ಬಿಡದೆ ಹೇಳಿದೆ. 'ಮರುಗಿದೆ ಅಂತ ಹೇಳು' ಅನ್ನುವಲ್ಲಿಗೆ ಬಂದಾಗ ಅವಳು ನಕ್ಕಳು, ನಗುತ್ತ ನಗುತ್ತಲೇ ಅಳು ನುಗ್ಗಿತು. ಮುಖದ ಬಣ್ಣವೆಲ್ಲ ಇಳಿದುಹೋಯಿತು.

"ಹತ್ತೊಂಬತ್ತು ವರ್ಷ ನಾನು ಅನಾಥೆ ಅಂತ ಆಡಿದೀನಿ ಮ್ಯಾಡ್ಜ್. ಜೀವಂತ ಅಮ್ಮನ್ನ ಇಟ್ಕೊಂಡು! ಅವಳು ಆ ಕಡೆ ನಿಂತಿದಾಳೆ, ನಾನು ತಲೆನೋವು ಅಂತ ಮಲಗ್ಬೇಕಾ? ಥೂ! ಇವತ್ತು ಮಲಗಿದ್ರೆ ನಾನು ಮತ್ತೆ ಏಳೋದೇ ಬೇಡ."

"ನಾಳೆ ಸಹಿ?" ಅಂದೆ. ನನ್ನ ಹೊಟ್ಟೆಪಾಡಿನ ಯೋಚನೆಯೂ ಇತ್ತು, ಸುಳ್ಳೇಕೆ ಹೇಳಲಿ?

"ಸಹಿ ಯಾರದು? ಲವೀನಿಯಾ ಥಾರ್ನ್‌ದು. ಅವಳೇ ಹಾಕ್ಕೊಳ್ಳಲಿ. ನೀನು ಬಟ್ಟೆ ಹರಿ."

ನನ್ನದೇ ಹಳೆಯ ಒಳಲಂಗ ಸಿಕ್ಕಿತು. ಪರ್ರೆಂದು ಹರಿದೆ. ಅವಳು ಕೈಗವಸು ಕಿತ್ತು ಮೂಲೆಗೆಸೆದು ಎಡಗೈ ಬೆರಳುಗಳಿಗೆ ಒಂದೊಂದಾಗಿ ಬಟ್ಟೆ ಸುತ್ತಿ, ದಾರದ ತುದಿ ಹಲ್ಲಲ್ಲಿ ಕಚ್ಚಿ ಗಂಟು ಬಿಗಿದಳು. ಇಪ್ಪತ್ತೊಂದು ವರ್ಷ ಬಿಟ್ಟ ಕೆಲಸ ಕೈಗೆ ಒಂದಿಷ್ಟೂ ಮರೆತಿರಲಿಲ್ಲ. ಬಲಗೈ ಹಾಗೇ ಬರಿದಾಗಿತ್ತು. ಉಳಿದ ಬಟ್ಟೆ ಚೂರು, ದಾರ ಹಿಡಿದು ಹೊರಟಳು. ನಾನು ಬಾಗಿಲಿಗೆ ಅಡ್ಡ ನಿಲ್ಲಬೇಕಾದವಳು, ಬಾಗಿಲು ತೆಗೆದು ಹಿಡಿದೆ.

ನಾವು ಹೋಗುವ ಹೊತ್ತಿಗೆ ವರದಿಗಾರರು ಬಂದು ಚಹಾದ ಕಪ್ಪು ಹಿಡಿದು ಸಾಲಾಗಿ ನಿಂತಿದ್ದರು. ಆಸ್ಕ್ವಿತ್ ಅವರಿಗೆ ಲವೀನಿಯಾಳ ತಲೆನೋವಿನ ಕಥೆ ಹೇಳುತ್ತಿದ್ದ. ಅವಳನ್ನು ನೋಡಿ ಅವನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಪಾಪ, ಒಳಗಿನ ಸುದ್ದಿ ಏನೂ ತಿಳಿಯದ ನಿರ್ದೇಶಕ ಸಂಭ್ರಮದಿಂದ ಕ್ಯಾಮೆರಾ ಓಡಿಸಿ ಎಂದು ಕೂಗಿದ.

ಬೆಲ್ಲಾ ನೇರ ಹ್ಯಾನಾಳ ಮುಂದೆ ಹೋಗಿ ನಿಂತು ಬರಿ ಬಲಗೈ ಚಾಚಿದಳು.

ಹ್ಯಾನಾ ಆ ಕೈಯನ್ನು ನೋಡಿದಳು. ಕುಳಿ ಬಿದ್ದ ಬೆರಳುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಮುಖ ತಿರುಗಿಸಿ, "ಹೊರಗಿನವರಿಗೆ ನಾವು ಕಟ್ಟೂದಿಲ್ಲ," ಅಂದಳು.

ಬೆಲ್ಲಾ ಚಾಚಿದ ಕೈ ಇಳಿಸಲಿಲ್ಲ. ಅವಳು ಬಾಯಿ ತೆರೆದಾಗ ಬಂದ ಧ್ವನಿಯನ್ನು ನಾನು ಎಂದೂ ಕೇಳಿರಲಿಲ್ಲ. ಹತ್ತೊಂಬತ್ತು ವರ್ಷ ಜೊತೆಗಿದ್ದವಳು ನಾನು!

"ನಾ ಹೊರಗಿನಾಕಿ ಅಲ್ಲ. ನಾ ಬೆಲ್ಲಾ ಫಾಕಸ್. ಸೀಹೌಸಸ್‌ನ ಹ್ಯಾನಾನ ಮಗಳು. ಕರ್ನಲ್ಲೂ ಇಲ್ಲ, ಹಡಗೂ ಇಲ್ಲ, ಜ್ವರಾನೂ ಇಲ್ಲ. ನಮ್ಮವ್ವ ಸತ್ತಾಳಂತ ಇವರು ಬರದ್ರು, ನಾ ಬಾಯಿ ಮುಚಗೊಂಡ ಕುಂತೆ. ತಪ್ಪು ನಂದು. ಕೇಳಿದ್ರೇನು?" ಕೊನೆಯ ಮಾತನ್ನು ಅವಳು ವರದಿಗಾರರ ಕಡೆ ತಿರುಗಿ ಹೇಳಿದಳು.

"ನಿಲ್ಸಿ! ಕ್ಯಾಮೆರಾ ನಿಲ್ಸಿ!" ಎಂದು ಆಸ್ಕ್ವಿತ್ ಕಿರುಚಿದ.

ಕ್ಯಾಮೆರಾದವನು ತಿರುಗಿಯೂ ನೋಡಲಿಲ್ಲ. "ನಿಲ್ಸೋದು ಡೈರೆಕ್ಟರು ಹೇಳಿದ್ರೆ. ನೀವು ಆಫೀಸಿನೋರು, ಸ್ವಲ್ಪ ಪಕ್ಕಕ್ಕೆ ಬನ್ನಿ, ನೆರಳು ಬೀಳ್ತಿದೆ," ಅಂದ. ಮೇಲೆ ದೀಪ ಹಿಡಿದವರು ಕಿಸಕ್ಕೆಂದರು. ನಿರ್ದೇಶಕ ಬಾಯಿಬಿಟ್ಟುಕೊಂಡು ನೋಡುತ್ತಿದ್ದ, ನಿಲ್ಲಿಸಿ ಅನ್ನಲಿಲ್ಲ.

ಹ್ಯಾನಾ ಇದಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳಿಗೆ ಕೇಳಿದ್ದು ಒಂದೇ ಪ್ರಶ್ನೆ.

"ನೀ ಹ್ವಾದ ಮ್ಯಾಲೆ ನಾವಿಬ್ರೂ ತೊಟ್ಟಿ ಮುಂದ ನಿಂತಿದ್ವಿ. ಮೂರನೇದಾಕಿ ಎಲ್ಲಿ ಅಂತ ಕೇಳಿದ್ರು. ಏನಂತ ಹೇಳ್ಲಿ? ಈ ಸಲಾನೂ ನಡುವ ಬಿಟ್ಟು ಓಡತೀಯೇನು?"

"ಇಲ್ಲ ಬೇ. ಪೀಪಾಯಿ ತುಂಬೂತನಕ ನಿಲ್ತೀನಿ."

ಮುದುಕಿ ಮಗಳ ಕೈಯಿಂದ ಬಟ್ಟೆ ಕಸಿದುಕೊಂಡಳು. ಹೆಬ್ಬೆರಳಿಂದ ಶುರು ಮಾಡಿ ಒಂದೊಂದು ಬೆರಳಿಗೂ ಸುತ್ತಿ ಸುತ್ತಿ ಕಟ್ಟಿದಳು. ರಕ್ತ ನಿಲ್ಲುವಷ್ಟು ಬಿಗಿ. ಕಟ್ಟುತ್ತ ಬೈದಳು, ಎಷ್ಟು ಬೈದಳೆಂದರೆ ಅದರಲ್ಲಿ ಅರ್ಧ ಇಲ್ಲಿ ಬರೆಯುವ ಹಾಗಿಲ್ಲ. "ಮಾರಿಗೆ ಬಣ್ಣ ಬಡಕೊಂಡು ಮಂದಿ ಮುಂದ ಕುಣಿಯಾಕ ಬರ್ತೈತಿ, ಅವ್ವಗ ಒಂದ ಸಲ ಮಾರಿ ತೋರಸಾಕ ಬರೂದಿಲ್ಲ ನಿನಗ, ಮೂಳಿ!" ಬೈಯುವ ಬಾಯಿ ಬೈಯುತ್ತಿತ್ತು, ಕಣ್ಣಿಂದ ನೀರು ದಬದಬ ಇಳಿಯುತ್ತಿತ್ತು. ಟೇಮರ್ ಮೀನಿನ ಏಪ್ರನ್ನಿನಲ್ಲೇ ಮುಖ ಒರೆಸಿಕೊಂಡಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ಅಂದು ಆ ತೊಟ್ಟಿಯ ಮುಂದೆ ಎರಡೂ ಬೇಕಾದಷ್ಟಿತ್ತು.

ಆಮೇಲೆ ಮೂವರೂ ಕೊಯ್ದರು, ತುಂಬಿದರು. ಫಿಲ್ಮು ಮುಗಿದು ಕ್ಯಾಮೆರಾ ನಿಂತಿತು, ವರದಿಗಾರರು ಫೋನಿಗೆ ಓಡಿದರು, ಆಸ್ಕ್ವಿತ್ ಬಂದು ಕರಾರು ಸತ್ತುಹೋಯಿತು ಅಂತ ಸಾರಿದ. ಬೆಲ್ಲಾ ತಲೆ ಎತ್ತದೆ, "ಸತ್ತಿದ್ರೆ ಎತ್ಕೊಂಡು ಹೋಗು, ಇಲ್ಲಿ ದಾರಿ ಕಟ್ಟಬ್ಯಾಡ," ಅಂದಳು. ಪೀಪಾಯಿಗೆ ಮುಚ್ಚಳ ಬಿದ್ದ ಮೇಲೆಯೇ ಅವಳು ಚಾಕು ಕೆಳಗಿಟ್ಟದ್ದು.

ನನ್ನನ್ನೂ ಅದೇ ವಾರ ತೆಗೆದುಹಾಕಿದರು. ನಾನೇ ಬಿಟ್ಟೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ಅದು ಬೇರೆ ಮಾತು. ಬೆಲ್ಲಾ ಆ ವರ್ಷದ ಯಾರ್ಮತ್ ಸೀಸನ್ನಿಗೆ ಅವ್ವ, ಚಿಕ್ಕಮ್ಮನ ಜೊತೆ ಹೋಗಿ ಕೊನೆಯ ದಿನದವರೆಗೂ ನಿಂತಳು. ಜನ ನೋಡಲು ಬಂದು ನಕ್ಕರು. ನಗುವವರ ಮುಂದೆ ಎಡವಿ ಬೀಳುವ ಜಾತಿಯಲ್ಲ ಅವಳದು, ಅವರಿಗೂ ಹರಾಜಿನವರ ಅಣಕ ಮಾಡಿ ತೋರಿಸಿದಳು. ಆಮೇಲೆ ಉತ್ತರದ ನಾಟಕ ಕಂಪನಿಗಳಲ್ಲಿ ಇಪ್ಪತ್ತು ವರ್ಷ ಆಡಿದಳು, ಸ್ವಂತ ಹೆಸರಲ್ಲಿ, ಸ್ವಂತ ಮಾತಲ್ಲಿ. ಉಡುಪು ತೊಡಿಸಲು ನಾನಿದ್ದೆ. ಅದನ್ನೆಲ್ಲ ಹೇಳುತ್ತ ಹೋದರೆ ಇನ್ನೊಂದು ಪುಸ್ತಕವಾದೀತು. ೧೯೫೨ರ ಮಾರ್ಚಿನಲ್ಲಿ ನಡೆದದ್ದನ್ನು ಮಾತ್ರ ಹೇಳದೆ ಬಿಡಲಾರೆ.

ಆ ಚಿತ್ರ ಬಿಡುಗಡೆಯಾಗಿ ಸೀಹೌಸಸ್‌ಗೂ ಬಂತು. ಸ್ಟುಡಿಯೋದವರು ಬೆಲ್ಲಾಳ ದೃಶ್ಯಗಳನ್ನೆಲ್ಲ ಕತ್ತರಿಸಿದ್ದರು, ಮೀನು ಕೊಯ್ಯುವ ಒಂದನ್ನು ಬಿಟ್ಟು. ಅದನ್ನು ತೆಗೆದರೆ ಕಥೆಯೇ ನಿಲ್ಲುತ್ತಿರಲಿಲ್ಲ, ಹೊಸದಾಗಿ ಚಿತ್ರೀಕರಿಸೋಣವೆಂದರೆ ಆ ಹೆಂಗಸರು ಮತ್ತೆ ಬರುವವರಲ್ಲ. ಅವಳ ಮಾತು ಕಿತ್ತು ಅಲ್ಲಿಗೆ ಪಿಟೀಲು ತುಂಬಿದ್ದರು. ಹ್ಯಾನಾ ಹುಟ್ಟಿದಾರಭ್ಯ ಸಿನಿಮಾ ನೋಡಿದವಳಲ್ಲ, ಅದು ಸೋಮಾರಿಗಳ ಕೆಲಸ ಅನ್ನುವವಳು. ಶನಿವಾರ ಮಧ್ಯಾಹ್ನದ ಆಟಕ್ಕೆ ಚರ್ಚಿಗೆ ಉಡುವ ಕಪ್ಪು ಉಡುಪು ಉಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತಳು, ಬೆಲ್ಲಾ ಒಂದು ಕಡೆ, ಟೇಮರ್ ಒಂದು ಕಡೆ, ಅವಳಾಚೆ ನಾನು. ಹಾಲ್ ತುಂಬ ಊರೇ ಸೇರಿತ್ತು.

ಮೊದಲು ಹೆಸರುಗಳು ಬಂದವು. ಹೀರೋ, ಹೀರೋಯಿನ್ನು, ನಾಯಿಯನ್ನು ಪಳಗಿಸಿದವನು, ಎಲ್ಲರೂ ಬಂದರು. ಬೆಲ್ಲಾ ಫಾಕಸ್ ಬರಲಿಲ್ಲ, ಲವೀನಿಯಾ ಥಾರ್ನ್ ಕೂಡ ಬರಲಿಲ್ಲ.

"ಬಿಡು ಬೇ, ಹೋಗ್ಲಿ," ಎಂದು ಬೆಲ್ಲಾ ಪಿಸುಗುಟ್ಟಿದಳು.

ಹ್ಯಾನಾ ಎದ್ದು ನಿಂತಳು. ಪರದೆಯ ಮೇಲೆ ಅವಳ ತಲೆಯ ನೆರಳು ದೊಡ್ಡದಾಗಿ ಬಿತ್ತು.

"ಎಡ್ವಿನ್!" ಎಂದು ಮೇಲಿನ ಕಿಂಡಿಯ ಕಡೆ ತಿರುಗಿ ಕೂಗಿದಳು. "ಮಶೀನ್ ನಿಲ್ಸು. ದೀಪ ಹಚ್ಚು."

ಸಿನಿಮಾ ಓಡಿಸುವ ಎಡ್ವಿನ್ ಬೇರೆ ಊರಿನವನಾಗಿದ್ದರೆ ಏನು ಮಾಡುತ್ತಿದ್ದನೋ. ಹ್ಯಾನಾಳ ಕೈಯಲ್ಲಿ ಚಿಕ್ಕಂದಿನಲ್ಲಿ ಕಿವಿ ಹಿಂಡಿಸಿಕೊಂಡವನು. ನಿಲ್ಲಿಸಿದ. ದೀಪ ಹತ್ತಿತು. ಇನ್ನೂರು ಜನ ಅವಳನ್ನೇ ನೋಡುತ್ತಿದ್ದರು.

"ಇದರಾಗ ಒಂದ ಹೆಸರು ಬಿಟ್ಟಾರ," ಅಂದಳು ಹ್ಯಾನಾ. "ಬೆಲ್ಲಾ ಫಾಕಸ್. ನನ್ನ ಮಗಳು. ಇಲ್ಲೇ ಕುಂತಾಳ, ನೋಡ್ಕೋರಿ." ಮಗಳ ಭುಜದ ಮೇಲೆ ಕೈಯಿಟ್ಟು ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಉಡುಪು ಸರಿಮಾಡಿಕೊಂಡು ಕೂತಳು.

"ಹೂಂ, ಎಡ್ವಿನ್. ಈಗ ಬಿಡು."